ಪ್ರಕಟಣೆಯಲ್ಲಿನ ಸೊನ್ನೆಗಳನ್ನು ಎಣಿಸುವ ಬಗ್ಗೆ

ಕಚೇರಿಯಲ್ಲಿ ಕಳೆದುಹೋದ ಕಡತವನ್ನು ಹುಡುಕುವುದಕ್ಕೆ ನಿಯಮಗಳು ಮೊದಲಿನಿಂದಲೂ ಇವೆ. ಕಚೇರಿಯೇ ಬಚ್ಚಿಟ್ಟ ವಸ್ತುವನ್ನು ಸಾರ್ವಜನಿಕರು ಹುಡುಕುವುದಕ್ಕೆ ಮಾತ್ರ ಯಾವ ನಿಯಮವೂ ಇರಲಿಲ್ಲವಾದ್ದರಿಂದ ಹೋದ ವರ್ಷ ಹದಿನಾಲ್ಕು ನಿಯಮಗಳನ್ನು ಹೊಸದಾಗಿ ರಚಿಸಲಾಯಿತು. ರಚಿಸಿದವನು ನಾನು. ಹದಿನಾಲ್ಕರಲ್ಲಿ ಹದಿಮೂರು ನನ್ನ ಮೇಲೆಯೇ ಜಾರಿಯಾದವು. ಉಳಿದ ಒಂದು, ನಿಧಿಯನ್ನು ನೀರಿನೊಳಗೆ ಇಡಬಾರದು ಎಂಬುದು.

ಆಗ ನಾನು ನಗರಾಡಳಿತ ಕಚೇರಿಯ ಉದ್ಯಾನ ಶಾಖೆಯಲ್ಲಿ ಹತ್ತೊಂಬತ್ತು ವರ್ಷಗಳಿಂದ ಗುಮಾಸ್ತನಾಗಿದ್ದೆ. ನನ್ನ ಮೇಜು ಕಿಟಕಿಯ ಪಕ್ಕದಲ್ಲಿತ್ತು. ಕಿಟಕಿಗೆ ಅಡ್ಡಲಾಗಿ ಬೀರು ಇತ್ತು. ನನ್ನ ಹೆಂಡತಿ ಬಸ್ಸಿನಲ್ಲಿ ಎಂಟು ಗಂಟೆ ದೂರದ ಊರಿನಲ್ಲಿ ಗಣಿತದ ಟೀಚರು. ಆರು ವರ್ಷದ ಮಗಳು ಅವಳ ಜೊತೆಗಿದ್ದಳು. ಮಗಳು ನನ್ನನ್ನು 'ಫೋನ್ ಅಪ್ಪ' ಎಂದು ಕರೆಯುತ್ತಿದ್ದಳು. ತಿಂಗಳಿಗೊಮ್ಮೆ ನಾನು ಹೋದಾಗ, ಇವನು ಫೋನಿನಿಂದ ಹೊರಗೆ ಬಂದದ್ದು ಹೇಗೆ ಎನ್ನುವ ಹಾಗೆ ಬಾಗಿಲ ಸಂದಿಯಿಂದ ನೋಡುತ್ತಿದ್ದಳು. ಆ ನೋಟ ನನ್ನಿಂದ ತಡೆಯಲಾಗುತ್ತಿರಲಿಲ್ಲ.

ಗಂಡ ಹೆಂಡತಿ ಇಬ್ಬರೂ ನೌಕರಿಯಲ್ಲಿದ್ದರೆ ಇಬ್ಬರನ್ನೂ ಒಂದೇ ಊರಿಗೆ ಹಾಕಬಹುದೆಂಬ ನಿಯಮವಿದೆ. ಅದಕ್ಕೆ 'ಪತಿ-ಪತ್ನಿ ಪ್ರಕರಣ' ಎನ್ನುತ್ತಾರೆ. ಏಳು ವರ್ಷ ಅರ್ಜಿ ಹಾಕಿದ ಮೇಲೆ, ಹೋದ ವರ್ಷ ಕೇಂದ್ರ ಕಚೇರಿಯಿಂದ ಒಂದು ಪತ್ರ ಬಂತು: ವರ್ಗಾವಣೆಯ ಅರ್ಜಿ ಪರಿಗಣನೆಯಲ್ಲಿದೆ, ಸೇವಾ ಪುಸ್ತಕ ಕಳುಹಿಸಿ. ಸೇವಾ ಪುಸ್ತಕವೆಂದರೆ ನೌಕರನೊಬ್ಬ ಹುಟ್ಟಿದ್ದಾನೆ, ಕೆಲಸ ಮಾಡಿದ್ದಾನೆ, ಇನ್ನೂ ಸತ್ತಿಲ್ಲ ಎಂಬುದಕ್ಕಿರುವ ಏಕೈಕ ದಾಖಲೆ. ನಾನು ಅದನ್ನು ದಾಖಲೆ ಕೊಠಡಿಯಿಂದ ತರಿಸಿ, ಧೂಳು ಒರೆಸಿ, ಖಾಕಿ ಕಾಗದದ ಹೊದಿಕೆ ಹಾಕಿ ಮೇಜಿನ ಮೇಲಿಟ್ಟುಕೊಂಡೆ.

ಅದೇ ವಾರ ಮೇಲಿನಿಂದ ಎರಡು ಸುತ್ತೋಲೆಗಳು ಬಂದವು. ನಾಗರಿಕರು ನಡೆಯುತ್ತಿಲ್ಲ, ನಡೆಸಿರಿ ಎಂದು ಒಂದು. ನಾಗರಿಕರಿಗೆ ಗಣಿತ ಬರುತ್ತಿಲ್ಲ, ಬರಿಸಿರಿ ಎಂದು ಇನ್ನೊಂದು. ನಮ್ಮ ಮುಖ್ಯಾಧಿಕಾರಿಗಳಾದ ಸಾಹೇಬರು ಎರಡನ್ನೂ ಒಂದೇ ಪಿನ್ನಿನಲ್ಲಿ ಚುಚ್ಚಿ ನನ್ನನ್ನು ಕರೆಸಿದರು.

"ಜಿಯೋಕ್ಯಾಶಿಂಗ್ ಅಂತ ಕೇಳಿದೀರೇನ್ರೀ?"

"ಇಲ್ಲ ಸಾರ್."

"ನಾನೂ ಮೊನ್ನೆ ಕೇಳಿದ್ದು. ಒಂದು ಡಬ್ಬಿ ಬಚ್ಚಿಡೋದು. ಅದು ಎಲ್ಲಿದೆ ಅಂತ ಅಕ್ಷಾಂಶ ರೇಖಾಂಶ ಹೇಳಿಬಿಡೋದು. ಜನ ಮೊಬೈಲ್ ಹಿಡ್ಕೊಂಡು ಹುಡುಕ್ಕೊಂಡು ಹೋಗ್ತಾರೆ. ಸಿಕ್ಕಿದ ಮೇಲೆ ಅದರೊಳಗಿರೋ ಪುಸ್ತಕದಲ್ಲಿ ಸಹಿ ಹಾಕ್ತಾರೆ. ನಡೆದಂಗೂ ಆಯ್ತು. ಮಧ್ಯದಲ್ಲಿ ಒಂದು ಲೆಕ್ಕ ಹಾಕಿ, ಗಣಿತವೂ ಆಯ್ತು."

"ಲೆಕ್ಕ ಯಾರು ಮಾಡೋದು ಸಾರ್?"

"ನೀವೇ. ನಿಮ್ಮ ಮನೆಯವರು ಗಣಿತ ಅಲ್ವಾ?"

"ಹೌದು ಸಾರ್. ಆದರೆ ನಾನು..."

"ಒಂದೇ ಮನೆ ತಾನೇ."

"ಒಂದೇ ಮನೆ ಅಲ್ಲ ಸಾರ್. ಅದೇ ತೊಂದರೆ ಆಗಿರೋದು."

ಸಾಹೇಬರು ಅದನ್ನು ಒಪ್ಪಿಗೆ ಎಂದು ಭಾವಿಸಿ ಕಡತದ ಮೇಲೆ ನನ್ನ ಹೆಸರು ಬರೆದರು.

ಗಣಿತದಲ್ಲಿ ನನಗೆ ಚೆನ್ನಾಗಿ ಪರಿಚಯವಿರುವ ಅಂಕಿ ಒಂದೇ, ಸೊನ್ನೆ. ಶಾಲೆಯಲ್ಲಿ ನನ್ನ ಉತ್ತರ ಪತ್ರಿಕೆಗಳ ಮೇಲೆ ಅದನ್ನು ಬಹಳ ಹತ್ತಿರದಿಂದ ನೋಡಿದ್ದೇನೆ. ಆದ್ದರಿಂದ ಸೊನ್ನೆಯನ್ನೇ ನಂಬಿ ಒಗಟು ಕಟ್ಟಿದೆ. ಹನ್ನೆರಡು ಸಾಲಿನ ಪ್ರಕಟಣೆ. ಅದರಲ್ಲಿ ಕೊಟ್ಟ ಅಕ್ಷಾಂಶ ರೇಖಾಂಶಗಳನ್ನು ಮೊಬೈಲಿಗೆ ಹಾಕಿದರೆ ಸಾರ್ವಜನಿಕ ಉದ್ಯಾನದಲ್ಲಿ ನಿಂತುಹೋದ ಗಡಿಯಾರವಿರುವ ಕಂಬದ ಹತ್ತಿರ ಬರುತ್ತೇವೆ. ಮುಂದಿನದು ಹೀಗಿತ್ತು:

"ಸದರಿ ಕಂಬದಿಂದ ಪೂರ್ವಕ್ಕೆ ನೇರವಾಗಿ ನಡೆಯತಕ್ಕದ್ದು. ಈ ಪ್ರಕಟಣೆಯಲ್ಲಿರುವ ಸೊನ್ನೆಗಳ ಸಂಖ್ಯೆಯನ್ನು ಅದೇ ಸಂಖ್ಯೆಯಿಂದ ಗುಣಿಸಿದರೆ ಎಷ್ಟಾಗುತ್ತದೆಯೋ ಅಷ್ಟು ಹೆಜ್ಜೆ. ಅಲ್ಲಿ ಅಮೂಲ್ಯವಾದ ನಿಧಿ ಇರುತ್ತದೆ."

ಅಂಕಿಗಳಲ್ಲಿ ನಾಲ್ಕು ಸೊನ್ನೆಗಳಿದ್ದವು. ನಾಲ್ಕು ನಾಲ್ಕಲ ಹದಿನಾರು. ಹದಿನಾರನೆಯ ಹೆಜ್ಜೆಗೆ ಒಂದು ಕಲ್ಲುಬೆಂಚು ಇತ್ತು. ನನ್ನ ಬುದ್ಧಿವಂತಿಕೆಗೆ ನಾನೇ ಬೆರಗಾಗಿ ಮಧ್ಯಾಹ್ನ ಎರಡು ಚಹಾ ಕುಡಿದೆ.

'ಅಮೂಲ್ಯ' ಎಂಬ ಪದ ಸಾಹೇಬರದು. ಡಬ್ಬಿಯಲ್ಲಿ ಇರುವುದು ಒಂದು ಖಾಲಿ ಪುಸ್ತಕ, ದಾರ ಕಟ್ಟಿದ ಒಂದು ಪೆನ್ನು ಅಷ್ಟೇ ಎಂದು ನಾನು ತಿಳಿಸಿದಾಗ ಅವರು, "ಬೆಲೆ ಇಲ್ಲದ್ದಕ್ಕೂ ಅಮೂಲ್ಯ ಅಂತಾನೇ ಹೇಳೋದು, ಬರೀರಿ," ಎಂದರು. ಅಂಕಿಗಳೆಲ್ಲ ಕನ್ನಡದಲ್ಲೇ ಇರತಕ್ಕದ್ದು ಎಂಬುದೂ ಅವರ ಆಜ್ಞೆ. ನಮ್ಮ ಟೈಪಿಸ್ಟ್ ಅಕ್ಕ ಹಾಗೆಯೇ ಅಚ್ಚುಕಟ್ಟಾಗಿ ಹೊಡೆದುಕೊಟ್ಟರು.

ಇನ್ನು ನಿಯಮಗಳು. ಸಾಹೇಬರು ಕೇಳಿದ್ದು ನಾಲ್ಕೈದು. ಬರೆಯುತ್ತ ಬರೆಯುತ್ತ ನನಗೆ ಹುರುಪು ಬಂತು. ನಿಯಮ ಎರಡು: ಒಗಟು ರಚಿಸಿದವನು ಡಬ್ಬಿ ಇಡುವಂತಿಲ್ಲ, ಇಟ್ಟವನು ಯಾರಿಗೂ ಹೇಳುವಂತಿಲ್ಲ. ನಿಯಮ ನಾಲ್ಕು: ಡಬ್ಬಿಯಲ್ಲಿ ಸಿಕ್ಕಿದ್ದು ಸಿಕ್ಕಿದವರ ಸ್ವತ್ತು. ನಿಯಮ ಏಳು: ಕಚೇರಿಯ ನೌಕರರು ಹಾಗೂ ಅವರ ಸಂಬಂಧಿಕರು ಹುಡುಕುವಂತಿಲ್ಲ, ಮುಟ್ಟುವಂತಿಲ್ಲ, ಉತ್ತರ ಹೇಳಿಕೊಡುವಂತಿಲ್ಲ. ಏಳನೆಯದನ್ನು ಯಾರೂ ಕೇಳಿರಲಿಲ್ಲ. ಅದು ಪೂರ್ತಿ ನನ್ನ ಸ್ವಂತ ಪ್ರತಿಭೆ.

ಡಬ್ಬಿ ಕಳುಹಿಸುವ ದಿನ ನನ್ನ ಮೇಜಿನ ಮೇಲೆ ಖಾಕಿ ಹೊದಿಕೆಯ ಎರಡು ಪುಸ್ತಕಗಳಿದ್ದವು. ಒಂದು ಡಬ್ಬಿಯೊಳಗೆ ಹೋಗಬೇಕಾದ ಖಾಲಿ ಪುಸ್ತಕ. ಇನ್ನೊಂದು ಕೇಂದ್ರ ಕಚೇರಿಗೆ ಹೋಗಬೇಕಾದ ನನ್ನ ಸೇವಾ ಪುಸ್ತಕ. ಅಷ್ಟರಲ್ಲಿ ಮಗಳ ಫೋನ್ ಬಂತು.

"ಫೋನ್ ಅಪ್ಪ, ನೀನು ಯಾವಾಗ ಬರ್ತೀಯ?"

"ಬೇಗ ಬರ್ತೀನಿ ಕಣೋ ಪುಟ್ಟ. ಈ ಸಲ ಬಂದ್ರೆ ವಾಪಸ್ ಹೋಗಲ್ಲ."

"ಎಲ್ಲಿ ಮಲಗ್ತೀಯ?"

ಈ ಪ್ರಶ್ನೆಗೆ ಉತ್ತರ ಹೇಳುತ್ತ, ಕಣ್ಣು ಒರೆಸಿಕೊಂಡು, ಒಂದು ಪುಸ್ತಕವನ್ನು ಡಬ್ಬಿಗೆ ಹಾಕಿ ದಾರದಿಂದ ಪೆನ್ನು ಕಟ್ಟಿದೆ. ಇನ್ನೊಂದನ್ನು ಲಕೋಟೆಗೆ ಹಾಕಿ ಅರಗಿನ ಮೊಹರು ಒತ್ತಿದೆ. ಎರಡನ್ನೂ ನನ್ನ ಕೈಯಾರೆ ಮಾಡಿದೆ. ಬೇರೆ ಯಾರ ಮೇಲಾದರೂ ಹಾಕೋಣವೆಂದು ಆಮೇಲೆ ಬಹಳ ಯೋಚಿಸಿದೆ, ಯಾರೂ ಸಿಗಲಿಲ್ಲ.

ಉದ್ಯಾನದ ಮಾಲಿ ಗೋಪ್ಯತೆಯ ಮುಚ್ಚಳಿಕೆಗೆ ಸಹಿ ಹಾಕಿ, ಪ್ರಕಟಣೆಯ ಪ್ರತಿಯನ್ನೂ ಡಬ್ಬಿಯನ್ನೂ ತೆಗೆದುಕೊಂಡು ಹೋದ.

ಪ್ರಕಟಣೆ ಹೊರಬಿದ್ದ ದಿನವೇ ಜನ ಉದ್ಯಾನಕ್ಕೆ ನುಗ್ಗಿದರು. ಜಿಯೋಕ್ಯಾಶಿಂಗ್ ಎಂಬ ಪದದೊಳಗೆ ಕ್ಯಾಶ್ ಇರುವುದನ್ನು ಅವರು ಗಮನಿಸಿದ್ದರು. ಹದಿನಾರು ಹೆಜ್ಜೆ ಎಣಿಸಿ ಬೆಂಚಿನ ಕೆಳಗೆ ನೋಡಿದರು, ಬೆಂಚು ಎತ್ತಿ ನೋಡಿದರು, ಆಮೇಲೆ ಅಗೆದರು. ಸಾಹೇಬರ ಭಾವಮೈದುನ ಉದ್ಯಾನದ ಬಾಗಿಲಲ್ಲೇ ಗುದ್ದಲಿಗಳನ್ನು ಬಾಡಿಗೆಗೆ ಇಟ್ಟಿದ್ದು ಸಾರ್ವಜನಿಕರಿಗೆ ಬಹಳ ಅನುಕೂಲವಾಯಿತು. ಎರಡು ವಾರದಲ್ಲಿ ಗುಂಡಿ ಬಾವಿಯಷ್ಟಾಯಿತು. ನೀರು ಸರಬರಾಜು ಶಾಖೆಯವರು ಬಂದು ಅಳತೆ ತೆಗೆದುಕೊಂಡು, ಅದು ತಮ್ಮ ಈ ವರ್ಷದ ಇಂಗುಗುಂಡಿಯೆಂದು ಫಲಕ ನೆಟ್ಟು ಉದ್ಘಾಟಿಸಿದರು. ನಿಧಿ ಸಿಗಲಿಲ್ಲ.

ಆಗ ಕೇಂದ್ರ ಕಚೇರಿಯಿಂದ ಪತ್ರ ಬಂತು.

"ಲಗತ್ತಿಸಿದ ಸೇವಾ ಪುಸ್ತಕವು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಖಾಲಿ ಇರುವುದು ಕಂಡುಬಂದಿದೆ. ಸದರಿ ನೌಕರರು ಹತ್ತೊಂಬತ್ತು ವರ್ಷಗಳಲ್ಲಿ ಯಾವುದೇ ಸೇವೆ ಸಲ್ಲಿಸಿಲ್ಲವೆಂದು ಭಾವಿಸಬಹುದೇ? ಮೂವತ್ತು ದಿನಗಳೊಳಗೆ ಸ್ಪಷ್ಟೀಕರಿಸದಿದ್ದಲ್ಲಿ ವರ್ಗಾವಣೆಯ ಅರ್ಜಿ ಮುಕ್ತಾಯಗೊಳಿಸಲಾಗುವುದು. ಮುಂದಿನ ಐದು ವರ್ಷ ಹೊಸ ಅರ್ಜಿ ಸ್ವೀಕರಿಸಲಾಗುವುದಿಲ್ಲ."

ಐದು ವರ್ಷಕ್ಕೆ ಮಗಳು ಹನ್ನೊಂದಾಗಿರುತ್ತಾಳೆ. ಸಾಹೇಬರ ಮುಂದೆ ಹೋಗಿ ನಿಂತೆ.

"ಹತ್ತೊಂಬತ್ತು ವರ್ಷ ಏನು ಮಾಡ್ತಿದ್ರಿ ನೀವು?" ಎಂದರು.

"ಕೆಲಸ ಸಾರ್."

"ಅದಕ್ಕೆ ಆಧಾರ?"

ನಾನು ಸುತ್ತಲೂ ನೋಡಿದೆ. ಏನೂ ಕಾಣಿಸಲಿಲ್ಲ. ಒಂದು ಕ್ಷಣ ಕೇಂದ್ರ ಕಚೇರಿಯವರ ಮಾತೇ ನಿಜವಿರಬಹುದೆಂದು ನನಗೂ ಅನಿಸಿತು.

ಮಾಲಿಯನ್ನು ಹುಡುಕಿಕೊಂಡು ಹೋದೆ. ಅವನು ಇಂಗುಗುಂಡಿಯ ಸುತ್ತ ಹೂವಿನ ಗಿಡ ನೆಡುತ್ತಿದ್ದ.

"ಡಬ್ಬಿ ಎಲ್ಲಪ್ಪಾ ಇಟ್ಟೆ?"

"ಹೇಳಂಗಿಲ್ಲ ಸಾರ್. ಸಹಿ ಹಾಕಿದೀನಿ."

"ಬರೆಸಿಕೊಂಡವನು ನಾನೇ ಕಣಯ್ಯ."

"ಅದಕ್ಕೇ ಸಾರ್. ನಿಮಗೇ ಹೇಳಿಬಿಟ್ರೆ ನೀವು ಬರೆಸಿಕೊಂಡಿದ್ದಕ್ಕೆ ಏನು ಬೆಲೆ ಬಂತು? ನೀವು ಪ್ರಕಟಣೆಲಿ ಬರೆದಂಗೇ ಇಟ್ಟಿದೀನಿ. ಒಂದು ಹೆಜ್ಜೆ ಆಚೆ ಈಚೆ ಆಗಿಲ್ಲ."

ನಮ್ಮ ಕಚೇರಿಯಲ್ಲಿ ನಿಯಮವನ್ನು ಓದಿ ಅದರಂತೆ ನಡೆದುಕೊಂಡ ನೌಕರ ಇವನೊಬ್ಬನೇ. ಅಂಥವನು ನನಗೇ ಗಂಟುಬೀಳಬೇಕೇ?

ಆ ಸಂಜೆ ಹೆಂಡತಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪ್ರಕಟಣೆಯ ಫೋಟೋ ಕಳಿಸಿ ಎಂದಳು. ಪ್ರಕಟಣೆ ಊರಿಗೆಲ್ಲ ಅಂಟಿಸಿದ್ದು, ಕಳಿಸಲು ಅಡ್ಡಿಯಿರಲಿಲ್ಲ. ಹತ್ತು ನಿಮಿಷದಲ್ಲಿ ಅವಳೇ ಫೋನ್ ಮಾಡಿದಳು.

"ರೀ, ಒಂದನೇ ಕ್ಲಾಸಿಗೂ ನಾನೇ ಹೋಗೋದು ಅಲ್ವಾ. ಮಕ್ಕಳಿಗೆ 'ಅಂ' ಬರೆಯೋದು ಹೇಗೆ ಹೇಳಿಕೊಡ್ತೀನಿ ಗೊತ್ತಾ?"

"ಹೇಗೆ?"

"'ಅ' ಬರೆದು ಪಕ್ಕದಲ್ಲಿ ಒಂದು ಸೊನ್ನೆ ಹಾಕಿ ಅಂತ."

ನಾನು ಪ್ರಕಟಣೆಯನ್ನು ನೋಡಿದೆ. ಕಂಬದಿಂದ, ಸಂಖ್ಯೆಯಿಂದ, ಅಂಕಿ, ಗುರುವಾರದಂದು, ಎಲ್ಲೆಲ್ಲೂ ದುಂಡಗೆ, ಅಂಕಿಯ ಸೊನ್ನೆಯಷ್ಟೇ ದಪ್ಪಗೆ ಕೂತಿದ್ದವು. ಮಾಲಿ ಒಂದನ್ನೂ ಬಿಡದೆ ಎಣಿಸಿದ್ದ. ಅಕ್ಷರದವು ಇಪ್ಪತ್ತೇಳು, ಅಂಕಿಯವು ನಾಲ್ಕು.

"ಮೂವತ್ತೊಂದು ಮೂವತ್ತೊಂದಲ ಎಷ್ಟು?" ಎಂದಳು.

ನಾನು ಕಾಗದ ಪೆನ್ನು ಹುಡುಕಿದೆ.

"ಒಂಬೈನೂರ ಅರವತ್ತೊಂದು," ಎಂದಳು. "ಯಾರಿಗಾದ್ರೂ ಹೇಳಿ ತೆಗೆಸೋಣವಾ?"

"ಬೇಡ. ನಿಯಮ ನಾಲ್ಕು. ಸಿಕ್ಕಿದ್ದು ಸಿಕ್ಕಿದವರ ಸ್ವತ್ತು. ನನ್ನ ಹತ್ತೊಂಬತ್ತು ವರ್ಷದ ಸೇವೆ ಅವರದಾಗುತ್ತೆ. ಬಡ್ತಿಗೂ ಅವರೇ ಅರ್ಹರಾಗ್ತಾರೆ."

"ಹಾಗಾದ್ರೆ ನಾನೇ ಬರ್ತೀನಿ."

"ನಿಯಮ ಏಳು. ನೀನು ಸಂಬಂಧಿಕಳು."

"ಈ ನಿಯಮ ಬರೆದ ಮಹಾನುಭಾವ ಯಾರ್ರೀ?" ಎಂದಳು. ನಾನು ಸಿಗ್ನಲ್ ಸರಿಯಿಲ್ಲ ಎಂದೆ.

ಮರುದಿನ ವಿಷಯವನ್ನು ಸಾಹೇಬರ ಗಮನಕ್ಕೆ ತಂದೆ. ಅವರು ಕನ್ನಡಕ ತೆಗೆದು ಯೋಚಿಸಿದರು. ನಿಯಮವನ್ನು ತಿದ್ದಲು ಮೇಲಿನವರ ಅನುಮತಿ ಬೇಕು, ಅದಕ್ಕೆ ಎಂಟು ತಿಂಗಳಾಗುತ್ತದೆ. ಸಂಬಂಧವನ್ನು ತಿದ್ದಲು ತಾವೇ ಸಾಕು ಎಂದರು.

"ಅಂದ್ರೆ ಸಾರ್?"

"ಸಂಬಂಧವಿಲ್ಲದ ಪ್ರಮಾಣಪತ್ರ. ನೀವು ಅರ್ಜಿ ಕೊಡಿ. ಸ್ಥಳ ಪರಿಶೀಲನೆ ಮಾಡಿ ಕೊಟ್ಟುಬಿಡ್ತೀನಿ. ಬರೀ ಕಾಗದದ ಮೇಲೆ ಕಣ್ರೀ. ಹೆದರಬೇಡಿ."

ಪರಿಶೀಲಕರು ನನ್ನ ಬಾಡಿಗೆ ಕೋಣೆಗೆ ಬಂದರು. ಒಂದು ತಟ್ಟೆ, ಒಂದು ಲೋಟ, ಒಂದು ದಿಂಬು, ಒಂದು ಹಲ್ಲುಜ್ಜುವ ಬ್ರಷ್ಷು ಎಂದು ಪಟ್ಟಿ ಮಾಡಿಕೊಂಡರು. ಬಾಗಿಲ ಹಿಂದಿನ ಮೊಳೆಗೆ ಒಂದೇ ಟವೆಲ್ ನೇತಾಡುತ್ತಿರುವುದನ್ನೂ ಬರೆದುಕೊಂಡರು. ಕೊನೆಗೆ, "ಸಂಸಾರದ ಯಾವುದೇ ಕುರುಹು ಕಂಡುಬರಲಿಲ್ಲ," ಎಂದು ಷರಾ ಹಾಕಿ ಸಹಿ ಮಾಡಲು ನನಗೇ ಕೊಟ್ಟರು. ಕಚೇರಿಯಲ್ಲಿ ನಾನು ಎಷ್ಟೋ ಸುಳ್ಳು ವರದಿಗಳಿಗೆ ತಡಮಾಡದೆ ಸಹಿ ಹಾಕಿದ್ದೇನೆ. ಇದು ನಿಜವಾಗಿತ್ತು. ಪೆನ್ನಿನ ಮುಚ್ಚಳ ತೆಗೆಯಲು ಬಹಳ ಹೊತ್ತು ಹಿಡಿಯಿತು.

ಪ್ರಮಾಣಪತ್ರ ಎರಡೇ ದಿನದಲ್ಲಿ ಬಂತು. ನಮಗೆ ಮಗಳಿರುವ ವಿಚಾರ ಕಡತದಲ್ಲಿದ್ದುದರಿಂದ ಸಾಹೇಬರು ಅದಕ್ಕೂ ಒಂದು ಸಾಲು ಸೇರಿಸಿದ್ದರು: "ಸದರಿ ಮಗುವು ಉಭಯತ್ರರಿಗೂ ಸಂಬಂಧಪಟ್ಟಿರುವುದು ಕೇವಲ ಕಾಕತಾಳೀಯ."

ಗಡುವಿಗೆ ನಾಲ್ಕು ದಿನ ಇರುವಾಗ ಹೆಂಡತಿ ಮಗಳನ್ನು ಕರೆದುಕೊಂಡು ಬಂದಳು. ನಾನು ಮುಟ್ಟುವಂತಿಲ್ಲವಾದ್ದರಿಂದ ಹತ್ತು ಹೆಜ್ಜೆ ಹಿಂದೆ, ಅಪರಿಚಿತನಂತೆ ನಡೆದೆ. ಗಡಿಯಾರ ಕಂಬದಿಂದ ಮಗಳು ಗಟ್ಟಿಯಾಗಿ ಎಣಿಸತೊಡಗಿದಳು. ನೂರಾದ ಕೂಡಲೇ ಮತ್ತೆ ಒಂದರಿಂದ. ಅವಳಮ್ಮ ಬೆರಳು ಮಡಚುತ್ತಿದ್ದಳು. ಉದ್ಯಾನದ ಗೇಟು ದಾಟಿ, ರಸ್ತೆ ದಾಟಿ, ನೇರ ಪೂರ್ವಕ್ಕೆ ಹೋದರೆ ಒಂದು ಟೈಲರ್ ಅಂಗಡಿ. ಹೆಂಡತಿ ಮುಂಬಾಗಿಲಲ್ಲಿ ನಿಂತಳು. ಟೈಲರ್ ಬಾಯಲ್ಲಿದ್ದ ಗುಂಡುಪಿನ್ನು ತೆಗೆದು, "ನೇರ ಹೋಗಬೇಕಾ? ಹೋಗಿ ತಾಯಿ, ಹಿಂದಿನ ಬಾಗಿಲು ತೆಗೆದೇ ಇದೆ. ಅವತ್ತು ಮಾಲಿ ಹೋದ ಮೇಲೆ ನೀವೇ ಮೊದಲು," ಎಂದರು.

ಟೈಲರ್ ಹಿತ್ತಿಲು, ಒಂದು ಓಣಿ, ಒಂದು ಕಾಂಪೌಂಡು, ಏಳು ಮೆಟ್ಟಿಲು, ಒಂದು ನಡುಮನೆಯಂಥ ಉದ್ದ ಪಡಸಾಲೆ. ಒಂಬೈನೂರ ಅರವತ್ತೊಂದನೆಯ ಹೆಜ್ಜೆ ನಮ್ಮ ಕಚೇರಿಯ ದಾಖಲೆ ಕೊಠಡಿಯಲ್ಲಿ, ಸೇವಾ ಪುಸ್ತಕಗಳನ್ನಿಡುವ ಕಪಾಟಿನ ಎದುರು ಮುಗಿಯಿತು. ನನ್ನ ಪುಸ್ತಕ ಡಬ್ಬಿಯ ಸಮೇತ ಇಷ್ಟು ದಿನವೂ ತಾನು ಇರಬೇಕಾದ ಕಪಾಟಿನಲ್ಲೇ ಇತ್ತು. ನಮ್ಮ ಕಚೇರಿಯಲ್ಲಿ ಕಳೆದುಹೋದ ವಸ್ತುವನ್ನು ಅದು ಇರಬೇಕಾದ ಜಾಗದಲ್ಲಿ ಹುಡುಕುವ ಪದ್ಧತಿ ಇಲ್ಲವಾದ್ದರಿಂದ ಯಾರಿಗೂ ಕಂಡಿರಲಿಲ್ಲ.

ಸಿಕ್ಕಿದವರು ಪುಸ್ತಕದಲ್ಲಿ ಅಭಿಪ್ರಾಯ ಬರೆದು ಸಹಿ ಹಾಕತಕ್ಕದ್ದು ಎಂಬುದು ನಿಯಮ ಹನ್ನೊಂದು. ಆದ್ದರಿಂದ ನನ್ನ ಸೇವಾ ಪುಸ್ತಕದಲ್ಲಿ, 'ಮೇಲಧಿಕಾರಿಗಳ ಅಭಿಪ್ರಾಯ' ಎಂಬ ಪುಟದಲ್ಲಿ, ದಾರ ಕಟ್ಟಿದ ಪೆನ್ನಿನಿಂದ ನನ್ನ ಹೆಂಡತಿ ಬರೆದಳು: "ಬಹಳ ಕಷ್ಟಪಟ್ಟ ಮೇಲೆ ಸಿಕ್ಕಿದರು. ಕಳೆದುಕೊಳ್ಳಲು ಇಷ್ಟವಿಲ್ಲ." ಆಮೇಲೆ ನಿಯಮ ನಾಲ್ಕರನ್ವಯ ತನ್ನ ಸ್ವತ್ತಾದ ಪುಸ್ತಕವನ್ನು ನನಗೆ ದಾನ ಮಾಡಿದಳು. ದಾನಪತ್ರ ಟೈಪಿಸ್ಟ್ ಅಕ್ಕನೇ ಮಾಡಿಕೊಟ್ಟರು. ಅದನ್ನೂ ಸಂಬಂಧವಿಲ್ಲದ ಪ್ರಮಾಣಪತ್ರವನ್ನೂ ಲಗತ್ತಿಸಿ ಪುಸ್ತಕವನ್ನು ಕೇಂದ್ರ ಕಚೇರಿಗೆ ಕಳುಹಿಸಿದೆ.

ಕೇಂದ್ರ ಕಚೇರಿಯ ಉತ್ತರ ಈ ಸಲ ಬೇಗ ಬಂತು. ಸೇವಾ ಪುಸ್ತಕ ತಲುಪಿದೆ. ಸೇವೆ ತೃಪ್ತಿಕರ. ಹತ್ತೊಂಬತ್ತು ವರ್ಷಗಳಲ್ಲಿ ಈ ನೌಕರರ ಬಗ್ಗೆ ಒಳ್ಳೆಯ ಅಭಿಪ್ರಾಯ ಬರೆದ ಮೇಲಧಿಕಾರಿ ಒಬ್ಬರೇ ಆಗಿದ್ದು, ಅವರ ಅಭಿಪ್ರಾಯವನ್ನು ಮನ್ನಿಸಲಾಗಿದೆ. "ಆದಾಗ್ಯೂ, ನಿಮ್ಮ ಕಚೇರಿಯೇ ನೀಡಿರುವ ಪ್ರಮಾಣಪತ್ರದಂತೆ ಸದರಿ ಶಿಕ್ಷಕಿಯು ನೌಕರರಿಗೆ ಸಂಬಂಧಪಟ್ಟವರಲ್ಲ. ಆದುದರಿಂದ ಇದು ಪತಿ-ಪತ್ನಿ ಪ್ರಕರಣವಾಗುವುದಿಲ್ಲ. ನೌಕರರು ಆ ಊರಿನ ಅರ್ಹ ಶಿಕ್ಷಕಿಯೊಬ್ಬರನ್ನು ಮೂರು ತಿಂಗಳೊಳಗೆ ವಿವಾಹವಾಗಿ ದಾಖಲೆ ಒದಗಿಸಿದಲ್ಲಿ ಮರುಪರಿಶೀಲಿಸಲಾಗುವುದು."

ಪತ್ರವನ್ನು ಫೋನಿನಲ್ಲಿ ಓದಿ ಹೇಳಿದೆ. ಅವಳು ಕೇಳಿ ಮುಗಿಸಿ, "ಈ ಊರಲ್ಲಿ ಟೀಚರು ಅಂತ ಇರೋದು ನಾನು, ಮತ್ತೆ ಮುಂದಿನ ತಿಂಗಳು ರಿಟೈರ್ ಆಗೋ ಹೆಡ್ಮಿಸ್ಸು. ಯೋಚನೆ ಮಾಡಿ ಹೇಳಿ," ಎಂದಳು.

ಯೋಚನೆ ಮಾಡಿ ಹೇಳಿದೆ. ಇಬ್ಬರೂ ನೋಂದಣಿ ಕಚೇರಿಯಲ್ಲಿ ಮದುವೆಗೆ ಅರ್ಜಿ ಹಾಕಿದೆವು. ಮೂವತ್ತು ದಿನ ಆಕ್ಷೇಪಣೆಗಾಗಿ ನಮ್ಮ ಫೋಟೋಗಳನ್ನು ಫಲಕಕ್ಕೆ ಅಂಟಿಸಿದರು. ಇಪ್ಪತ್ತೆಂಟನೆಯ ದಿನ ಒಂದು ಆಕ್ಷೇಪಣೆ ಬಂತು. ಅದು ನಮ್ಮ ಕಚೇರಿಯ ಸಿಬ್ಬಂದಿ ಶಾಖೆಯದು. ಸದರಿ ನೌಕರರಿಗೆ ಈಗಾಗಲೇ ಒಬ್ಬ ಹೆಂಡತಿ ಇರುವುದು ಸೇವಾ ಪುಸ್ತಕದ ಒಂಬತ್ತನೇ ಪುಟದಿಂದ ತಿಳಿದುಬರುತ್ತದೆ. ಮೊದಲ ಹೆಂಡತಿ ಜೀವಂತವಿರುವಾಗ ಎರಡನೆಯ ಮದುವೆ ನೌಕರರ ನಡತೆಗೆ ವಿರುದ್ಧ. ವರ್ಗಾವಣೆಯ ಕಡತದಲ್ಲಿ ನನಗೆ ಹೆಂಡತಿ ಇರಲಿಲ್ಲ, ಮದುವೆಯ ಕಡತದಲ್ಲಿ ಇದ್ದಳು. ಎರಡೂ ಕಡತಗಳು ಒಂದೇ ಮೇಜಿನ ಮೇಲಿದ್ದವು.

ಸಾಹೇಬರು ನನ್ನ ಮುಖ ನೋಡಿ ಮರುಗಿದರು. "ಮೊದಲನೆಯವರ ಹತ್ತಿರ ಒಂದು ನಿರಾಕ್ಷೇಪಣಾ ಪತ್ರ ತಂದುಬಿಡಿ ಕಣ್ರೀ. ನಾನು ಹೇಗೋ ದಾಟಿಸ್ತೀನಿ. ಒಪ್ತಾರಾ ಅವರು?"

"ಕೇಳಿ ನೋಡ್ತೀನಿ ಸಾರ್."

ಪತ್ರ ಮೂರನೆಯ ದಿನ ಅಂಚೆಯಲ್ಲಿ ಬಂತು. "ನನ್ನ ಗಂಡ ನನ್ನನ್ನು ಮದುವೆಯಾಗಲು ನನ್ನದೇನೂ ಅಭ್ಯಂತರವಿಲ್ಲ. ಈ ಸಲ ಮದುವೆಯಾದವಳ ಜೊತೆಗೇ ಇರತಕ್ಕದ್ದೆಂಬುದು ನನ್ನ ಷರತ್ತು." ಸಿಬ್ಬಂದಿ ಶಾಖೆಯವರು ಷರತ್ತು ನ್ಯಾಯವಾಗಿದೆ ಎಂದು ಷರಾ ಬರೆದು ಆಕ್ಷೇಪಣೆಯನ್ನು ಹಿಂತೆಗೆದುಕೊಂಡರು.

ಮದುವೆಗೆ ಇಡೀ ಕಚೇರಿ ಬಂದಿತ್ತು. ಮಾಲಿ ಸಾಕ್ಷಿ ಹಾಕಿದ, ಎಲ್ಲವನ್ನೂ ಎರಡು ಸಲ ಓದಿ. ಹೆಂಡತಿ ಸಹಿ ಮಾಡುವಾಗ ಮಗಳು ನನ್ನ ಕಿರುಬೆರಳು ಹಿಡಿದುಕೊಂಡು ನಿಂತಿದ್ದಳು. ಸಾಹೇಬರು ಉಡುಗೊರೆಯಾಗಿ ವರ್ಗಾವಣೆಯ ಆದೇಶವನ್ನೇ ಲಕೋಟೆಯಲ್ಲಿಟ್ಟು ತಂದಿದ್ದರು. ಅದನ್ನು ತೆಗೆದು ಓದಿದಾಗ ನನಗೆ ಅಳು ಬಂತು, ಎಲ್ಲರೆದುರೇ ಅತ್ತೆ. ಸಾಹೇಬರು ನನ್ನ ಬೆನ್ನು ತಟ್ಟಿ, ಮದುಮಗಳ ಕಡೆ ತಿರುಗಿ ಕೈ ಮುಗಿದರು.

"ಒಂದು ಮಾತು ಕೇಳ್ತೀನಮ್ಮ, ಬೇಜಾರು ಮಾಡ್ಕೋಬೇಡಿ. ಮೊದಲನೆಯವರಿಗೆ ನೋವಾಗಲಿಲ್ವಾ?"

"ಏಳು ವರ್ಷ ನೋವಾಗಿತ್ತು ಸಾರ್," ಎಂದಳು ನನ್ನ ಹೆಂಡತಿ. "ಈಗ ಇಲ್ಲ. ಅವರೂ ಬಂದಿದ್ದಾರೆ."

"ಬಂದಿದ್ದಾರಾ? ನಿಂತೇ ಇದ್ದಾರಾ? ಏನ್ರೀ ಇದು, ಯಾರಾದ್ರೂ ಅವರಿಗೊಂದು ಕುರ್ಚಿ ಹಾಕಿ," ಎಂದು ಸಾಹೇಬರು ಗಾಬರಿಯಾದರು.

ಕುರ್ಚಿ ತಂದು ಹಾಕಿದರು. ನನ್ನ ಹೆಂಡತಿ ಹೋಗಿ ಅದರ ಮೇಲೆ ಕೂತಳು. ಸಾಹೇಬರು ಅವಳ ಮುಂದೆ ಬಂದು ನಿಂತು ಎರಡನೆಯ ಸಲ ಕೈ ಮುಗಿದು, "ನಿಮ್ಮಂಥವರು ಅಪರೂಪ ತಾಯಿ," ಎಂದರು.